ಮೂಗು, ಜಡೆ, ಹೊಟ್ಟೆ

ಪವನ್, ಸಿರಿ, ಈ ನೋಟ್‌ಬುಕ್ಕಿನಲ್ಲಿ ಇದುವರೆಗೆ ಬರೆದದ್ದನ್ನು ನೀವು ಯಾವಾಗ ಓದಿದರೂ ನಡೆಯುತ್ತದೆ. ಈ ಭಾಗವನ್ನು ಮಾತ್ರ ಭಾನುವಾರಕ್ಕೆ ಮುಂಚೆ ಓದಬೇಕು. ಕನಕಪುರ ರಸ್ತೆಯಾಚೆ ನೀವಿಬ್ಬರೂ ಬಾಡಿಗೆಗೆ ಬಿಡುವ ನಾಲ್ಕು ಚಕ್ರದ ಬೈಕುಗಳಲ್ಲಿ ಒಂದನ್ನು ಮೊನ್ನೆ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದು ನಮ್ಮ ಬಸವನಗುಡಿ ಮನೆಯ ಗೇಟಿನೊಳಗೆ ಇಳಿಸಿದಿರಿ. ಬೆಳಗಿನ ತಂಪಿನಲ್ಲಿ ಎಷ್ಟು ಸಲ ಸ್ವಿಚ್ ಒತ್ತಿದರೂ ಸ್ಟಾರ್ಟ್ ಆಗುವುದಿಲ್ಲ, ಸ್ಟಾರ್ಟ್ ಆದರೂ ದಿಬ್ಬ ಹತ್ತುವುದಿಲ್ಲ, ಸುಮ್ಮನೆ ಬಿಟ್ಟರೆ ನಿಂತುಹೋಗುತ್ತದೆ ಎಂದಿರಿ. ಪವನ್ ಪ್ಲಗ್ ಬಿಚ್ಚಿ ಆ ತೂತಿಗೆ ಒಳಗಿನ ಒತ್ತಡ ಅಳೆಯುವ ಮೀಟರ್ ಸಿಕ್ಕಿಸಿ ನೋಡಿದ. ಮುಳ್ಳು ಅರ್ಧಕ್ಕೇ ನಿಂತಿತು. ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದ. ಮುಳ್ಳು ಮೇಲೇಳಲಿಲ್ಲ. ಎಣ್ಣೆಗೆ ಏರಿದ್ದರೆ ಪಿಸ್ಟನ್ನಿನ ರಿಂಗು ಸವೆದಿದೆ ಎಂದು ಅರ್ಥ. ಏರಲಿಲ್ಲವಾದ್ದರಿಂದ ಸೋರುತ್ತಿರುವುದು ವಾಲ್ವು. ಗಾಳಿಯನ್ನು ಒಳಗೆ ಬಿಡುವ ವಾಲ್ವೋ, ಹೊಗೆಯನ್ನು ಹೊರಗೆ ಬಿಡುವ ವಾಲ್ವೋ ಎಂಬುದಷ್ಟೇ ಉಳಿದಿತ್ತು. ಆಗ ಸಿರಿ ನನ್ನ ಕೈ ಹಿಡಿದು ಎಳೆದಳು.

"ಅಜ್ಜಿ, ನೀನು ಚಿಕ್ಕೋಳಿದ್ದಾಗ ಕಿವೀಲೇ ಕಂಡುಹಿಡೀತಿದ್ದೆ ಅಂತ ತಾತ ಹೇಳ್ತಿದ್ರಲ್ಲ. ಬಾ, ಒಂಚೂರು ನೋಡು."

ಪವನ್ ಪ್ಲಗ್ಗಿನ ತೂತಿನಿಂದ ಒಳಗೆ ಗಾಳಿ ತುಂಬಿದ. ನಾನು ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದೆ. ಗಾಳಿ ಒಳಹೋಗುವ ಬಾಯಿಗೆ ಕಿವಿಯಿಟ್ಟೆ, ಸೈಲೆನ್ಸರಿನ ತುದಿಗಿಟ್ಟೆ, ಎಣ್ಣೆ ಹಾಕುವ ತೂತಿಗಿಟ್ಟೆ. ಎದ್ದು ನಿಂತು "ಸೈಲೆನ್ಸರ್ ಕಡೇದು" ಎಂದೆ. ನೀವು ಚಪ್ಪಾಳೆ ತಟ್ಟಿದಿರಿ. ಪವನ್ ಅಲ್ಲೇ ಫೋನಿನಲ್ಲಿ ಆ ಕಡೆಯ ವಾಲ್ವು ತರಿಸಲು ಹೇಳಿ, ಭಾನುವಾರ ವಾಲ್ವು ಕೂರುವ ಇಂಜಿನ್ನಿನ ಹೆಡ್ ಬಿಚ್ಚುತ್ತೇನೆ ಎಂದ. ನಾನು ಹೇಳಿದ ಆ ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆದರೆ ಚಾಮರಾಜಪೇಟೆಯ ಮನೆಯನ್ನು ಹೇಳದೆ ಅದನ್ನು ಹೇಳಲು ನನಗೆ ಬರುವುದಿಲ್ಲ.

ನಮ್ಮೂರಿನ ಶಾಲೆ ನಾಲ್ಕನೇ ಕ್ಲಾಸಿಗೆ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ದೂರದ ಊರಿಗೆ ನಡೆಯಬೇಕು. ನಮ್ಮಮ್ಮನ ತಮ್ಮ ನಂಜುಂಡಮಾವ ಬೆಂಗಳೂರಿನಲ್ಲಿ ಮೋಟಾರ್ ಸೈಕಲ್ ರಿಪೇರಿ ಮಾಡುತ್ತಿದ್ದರು, ಮಕ್ಕಳಿರಲಿಲ್ಲ. "ನಮ್ಮನೇಲಿ ಇರ್ಲಿ ಅಕ್ಕ, ಎದುರು ರಸ್ತೇಲೇ ಶಾಲೆ" ಎಂದು ಅವರೇ ಬಂದು ಕರೆದುಕೊಂಡು ಹೋದರು. ಚಾಮರಾಜಪೇಟೆಯ ಆ ಮನೆ ರೈಲು ಡಬ್ಬಿಯಂತೆ ಉದ್ದಕ್ಕಿತ್ತು. ಬೀದಿಗೆ ಮುಖ ಮಾಡಿ ಹಲಗೆ ಬಾಗಿಲಿನ ಗ್ಯಾರೇಜು, ಅದರ ಹಿಂದೆ ನಡುಮನೆ, ಆಮೇಲೆ ಅಡುಗೆಮನೆ, ಕೊನೆಯಲ್ಲಿ ಹಂಡೆಯಿದ್ದ ಬಚ್ಚಲು, ಹಿತ್ತಲು. ಗ್ಯಾರೇಜಿಗೂ ನಡುಮನೆಗೂ ಮಧ್ಯೆ ಒಂದು ಹೊಸ್ತಿಲು. ಮಾವನ ಹೆಂಡತಿ ಕಮಲತ್ತೆ ದಿನವೂ ಅದಕ್ಕೆ ಅರಿಶಿನ ಕುಂಕುಮ ಇಟ್ಟು ರಂಗೋಲಿ ಎಳೆಯುತ್ತಿದ್ದರು. ಹೊಸ್ತಿಲಿನ ಆಚೆ ಒಂದು ಗೋಣಿಚೀಲ ಹಾಸಿರುತ್ತಿತ್ತು. ಮಾವ ಕೈಕಾಲು ತೊಳೆದು, ಅದರ ಮೇಲೆ ನಿಂತು ಬಟ್ಟೆ ಬದಲಿಸಿಯೇ ಒಳಗೆ ಬರಬೇಕು. ಅತ್ತೆಯಂತೂ ಆಚೆಗೆ ಒಂದು ಹೆಜ್ಜೆಯೂ ಇಡುತ್ತಿರಲಿಲ್ಲ. ಒಂದು ಸಲ ಮಾವ ಎಣ್ಣೆ ಪರೀಕ್ಷೆಗೆಂದು ಅಡುಗೆಮನೆಯ ತುಪ್ಪದ ಮಿಳ್ಳೆ ತೆಗೆದುಕೊಂಡು ಹೋಗಿ ಅದರ ಮೂತಿಯಿಂದ ಪ್ಲಗ್ಗಿನ ತೂತಿಗೆ ಇಂಜಿನ್ ಎಣ್ಣೆ ಬಿಟ್ಟಿದ್ದರಂತೆ. ಆ ಮಿಳ್ಳೆ ಮತ್ತೆ ಹೊಸ್ತಿಲು ದಾಟಲಿಲ್ಲ. ನಾನು ಹೋಗುವ ಹೊತ್ತಿಗೆ ಅದು ಗ್ಯಾರೇಜಿನ ಮೊಳೆಗೆ ಕಪ್ಪಾಗಿ ನೇತಾಡುತ್ತಿತ್ತು, ಅತ್ತೆ ಮಾತ್ರ ಊಟಕ್ಕೆ ತುಪ್ಪ ಬಡಿಸುವಾಗಲೆಲ್ಲ ಅದನ್ನು ನೆನೆಯುತ್ತಿದ್ದರು.

"ನಮ್ಮಮ್ಮ ಕೊಟ್ಟಿದ್ದು. ಮೋಟಾರಿಗೆ ಅಭಿಷೇಕ ಮಾಡಿದ್ರು ಮಹರಾಯ್ರು."

ಮಾವ ತಲೆ ಬಗ್ಗಿಸಿ ಅನ್ನ ಕಲೆಸುತ್ತ "ಹೂಂ" ಎನ್ನುತ್ತಿದ್ದರು. ಅವರು ಎಲ್ಲದಕ್ಕೂ "ಹೂಂ" ಎನ್ನುತ್ತಿದ್ದರು. ಮೊದಲ ವಾರ ನಾನು ಅದನ್ನು ಅವರ ಸ್ವಭಾವ ಎಂದುಕೊಂಡೆ. ನಾನೂ ಮಾತು ಕಡಿಮೆಯವಳು. ಯಾರಾದರೂ ಹೆಸರು ಕೇಳಿದರೆ ಕಂಬದ ಹಿಂದೆ ಸರಿಯುತ್ತಿದ್ದೆ. ಒಂದು ದಿನ ಅತ್ತೆ ಕಾಫಿ ಲೋಟ ಕೊಟ್ಟು ಕಳಿಸಿದರು. ನಾನು ಮಾವನ ಬೆನ್ನ ಹಿಂದೆ ನಿಂತು "ಮಾವ" ಎಂದೆ. ಅವರು ತಿರುಗಲಿಲ್ಲ. ನನ್ನ ದನಿಯೇ ಸಣ್ಣದು ಎಂದು ಇನ್ನೊಮ್ಮೆ, ಮತ್ತೊಮ್ಮೆ ಕರೆದೆ. ಕೈ ಸುಡುತ್ತಿತ್ತು. ಲೋಟ ಜಾರಿ ಕಲ್ಲುಚಪ್ಪಡಿಯ ಮೇಲೆ ಬಿತ್ತು. ಎದುರಿನ ಸೈಕಲ್ ಶಾಪಿನವನೂ ತಲೆಯೆತ್ತಿ ನೋಡಿದ. ಮಾವ ಮಾತ್ರ ಅದೇ ಬೋಲ್ಟನ್ನು ಅದೇ ಬಟ್ಟೆಯಲ್ಲಿ ಒರೆಸುತ್ತಲೇ ಇದ್ದರು. ಕಾಫಿ ಹರಿದು ಅವರ ಪಾದ ಮುಟ್ಟಿದಾಗ ತಿರುಗಿದರು. ನನ್ನನ್ನು ನೋಡಿದರು, ಲೋಟ ನೋಡಿದರು, ನಾನು ತಿಳಿದುಕೊಂಡೆ ಎಂಬುದನ್ನೂ ನೋಡಿದರು. ತಾವೇ ಲೋಟ ಎತ್ತಿ ಒರೆಸಿ ನನ್ನ ಕೈಗಿಟ್ಟು, ಒಳಬಾಗಿಲ ಕಡೆಗೆ ಕಣ್ಣು ಹಾಯಿಸಿ ಹೇಳಿದರು.

"ಅತ್ತೆಗೆ ಹೇಳ್ಬೇಡ ಪುಟ್ಟಿ. ಯಾರಿಗೂ ಹೇಳ್ಬೇಡ. ಕಿವಿ ಇಲ್ದಿರೋ ಮೇಸ್ತ್ರಿ ಹತ್ರ ಯಾರು ಗಾಡಿ ಬಿಡ್ತಾರೆ?"

ಮರುದಿನದಿಂದ ನನಗೆ ಅವರು ಕೆಲಸ ಕಲಿಸಿದರು. ಕಂಪ್ರೆಷನ್ ಎಂದು ನೀವು ಹೇಳುವುದಕ್ಕೆ ಮಾವ ದಮ್ಮು ಎನ್ನುತ್ತಿದ್ದರು. ಪ್ಲಗ್ ಬಿಚ್ಚಿ ಆ ತೂತಿನ ಮೇಲೆ ನನ್ನ ಹೆಬ್ಬೆರಳು ಒತ್ತಿಸಿ ಕಿಕ್ ಒದೆಯುತ್ತಿದ್ದರು. ಗಟ್ಟಿಯಿರುವ ಇಂಜಿನ್ನು ಬೆರಳನ್ನು ಟಪ್ಪೆಂದು ಎತ್ತಿ ಎಸೆಯುತ್ತದೆ. ದಮ್ಮಿಲ್ಲದ್ದು ಕರು ಮೂಸಿದ ಹಾಗೆ ಬೆಚ್ಚಗೆ ಉಸಿರು ಬಿಟ್ಟು ಸುಮ್ಮನಾಗುತ್ತದೆ. ದಮ್ಮಿಲ್ಲ ಎಂದು ಗೊತ್ತಾದ ಮೇಲೆ ಎಲ್ಲಿ ಸೋರುತ್ತಿದೆ ಎಂದು ನೋಡಬೇಕು. ಅದಕ್ಕೆ ಅವರು ಹಳೆಯ ಪ್ಲಗ್ಗೊಂದರ ಒಳಗಿನದನ್ನೆಲ್ಲ ತೆಗೆದು, ಸೈಕಲ್ ಟ್ಯೂಬಿನ ಮೂತಿಯನ್ನು ಬೆಸುಗೆ ಹಾಕಿಟ್ಟುಕೊಂಡಿದ್ದರು. ಎರಡು ವಾಲ್ವೂ ಮುಚ್ಚಿರುವ ಹಾಗೆ ಪಿಸ್ಟನ್ನನ್ನು ಮೇಲಕ್ಕೆ ತಂದು, ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಆ ಮೂತಿಯಿಂದ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆಯುವುದು. ಗಾಳಿ ಎಲ್ಲಿಂದ ತಪ್ಪಿಸಿಕೊಳ್ಳುತ್ತದೋ ಅಲ್ಲಿ ಸುಸ್ ಎಂಬ ಸಣ್ಣ ಸದ್ದು. ಕಾರ್ಬ್ಯುರೇಟರ್ ಬಿಚ್ಚಿದ ಬಾಯಲ್ಲಿ ಕೇಳಿದರೆ ಒಳವಾಲ್ವು. ಸೈಲೆನ್ಸರಿನಲ್ಲಿ ಕೇಳಿದರೆ ಹೊರವಾಲ್ವು. ಎಣ್ಣೆ ಹಾಕುವ ತೂತಿನಲ್ಲಿ ಕೇಳಿದರೆ ರಿಂಗು. ಆ ಸುಸ್ ಅನ್ನು ಮಾವ ಕೇಳಿ ಎರಡು ವರ್ಷವಾಗಿತ್ತು. ಅಷ್ಟು ದಿನ ಊಹೆಯ ಮೇಲೆ ಇಂಜಿನ್ ಬಿಚ್ಚುತ್ತಿದ್ದರು, ಸರಿಯಿದ್ದದ್ದನ್ನೂ ಬಿಚ್ಚುತ್ತಿದ್ದರು. ಈಗ ಕಿವಿಯಿಡುವುದು ನನ್ನ ಪಾಲಿಗೆ ಬಂತು. ಗಾಡಿಯವರ ಎದುರಿಗೆ ಬಾಯಿಬಿಟ್ಟು ಹೇಳುವುದು ಇಬ್ಬರಿಗೂ ಬೇಡವಾಗಿತ್ತು. ಒಳವಾಲ್ವಾದರೆ ನಾನು ಮೂಗು ಮುಟ್ಟಿಕೊಳ್ಳಬೇಕು, ಹೊರವಾಲ್ವಾದರೆ ಜಡೆ, ರಿಂಗಾದರೆ ಹೊಟ್ಟೆ. ನೋಡಿದವರು ಹುಡುಗಿ ಏನೋ ಆಟವಾಡುತ್ತಿದೆ ಎಂದುಕೊಳ್ಳುತ್ತಿದ್ದರು. ಮಾವ ಕಣ್ಣಂಚಿನಲ್ಲಿ ನನ್ನನ್ನು ನೋಡಿ, ಗಂಭೀರವಾಗಿ ತಲೆದೂಗಿ, "ಹೊರಗಿನ ವಾಲ್ವು ಸ್ವಾಮಿ, ನಾಡಿದ್ದು ಬನ್ನಿ" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು.

ನನಗೆ ಅದರಲ್ಲಿ ಸುಖವಿತ್ತು ಎಂಬುದನ್ನು ಮುಚ್ಚಿಡಬಾರದು. ಹಳ್ಳಿಯಲ್ಲಿ ಯಾರೂ ನನ್ನನ್ನು ಯಾವುದಕ್ಕೂ ಕೇಳಿದವರಲ್ಲ. ಇಲ್ಲಿ ಒಬ್ಬ ದೊಡ್ಡ ಮನುಷ್ಯ ನನ್ನ ಜಡೆಯ ಕಡೆ ನೋಡಿ ತೀರ್ಮಾನ ಮಾಡುತ್ತಿದ್ದ. ಆದರೆ ಶಾಲೆ? ಮೊದಲು "ಸೋಮವಾರ ಹೋಗಿ ಸೇರಿಸ್ತೀನಿ" ಎಂದರು. ಆಮೇಲೆ ಆಷಾಢ ಕಳೆಯಲಿ ಎಂದರು, ಆಮೇಲೆ ದಸರಾ ರಜೆ ಮುಗಿಯಲಿ ಎಂದರು. ಬೆಳಗ್ಗೆ ಎದುರು ರಸ್ತೆಯ ಶಾಲೆಯ ಗಂಟೆ ಬಾರಿಸಿದಾಗ ನಾನು ತಲೆಯೆತ್ತಿದರೆ ಮಾವ ಬೋಲ್ಟು ಹುಡುಕುವವರಂತೆ ಬಗ್ಗುತ್ತಿದ್ದರು. ಗಂಟೆ ಅವರಿಗೆ ಕೇಳಿಸುತ್ತಿರಲಿಲ್ಲ, ನನ್ನ ಮುಖ ಕಾಣುತ್ತಿತ್ತು.

ಒಳಮನೆಯಲ್ಲಿ ಬೇರೆ ಉರಿ. ಅತ್ತೆ ಮಾತಿನವರು. ಒಲೆಯ ಮುಂದೆ ಕೂತು, ಸೊಪ್ಪು ಬಿಡಿಸುತ್ತ, ಬಾಗಿಲ ಕಡೆಗೆ ತಿರುಗದೆಯೇ ಗಂಡನೊಡನೆ ಮಾತಾಡುವ ರೂಢಿ. ಗಾಂಧಿ ಬಜಾರಿಗೆ ಹೋದಾಗ ಮಲ್ಲಿಗೆ ತನ್ನಿ ಎಂದರೆ "ಹೂಂ". ಬರುವಾಗ ಕೈಯಲ್ಲಿ ಹೂವಿಲ್ಲ. ಸಾರಿಗೆ ಉಪ್ಪು ಸರಿಯಿದೆಯೇ ಎಂದರೂ "ಹೂಂ", ಸಾಲದೇ ಎಂದರೂ "ಹೂಂ". ದಸರಾ ಕಳೆದ ಮೇಲೆ ಒಂದು ದಿನ, ಮಾವ ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಅತ್ತೆಯ ಅಣ್ಣ ಬಂದು ಮಗಳ ಮದುವೆಗೆ ಕರೆದು ಹೋದರು. ಆ ಸಂಜೆ ಮಾವ ನಡುಮನೆಯಲ್ಲಿ ಬೆನ್ನು ತಿರುಗಿಸಿ ಕೂತು ಉಗುರಿನ ಕೊಳೆ ತೆಗೆಯುತ್ತಿದ್ದರು. ಅತ್ತೆ ಅಡುಗೆಮನೆಯಿಂದ ಕೇಳಿದರು.

"ರೀ, ಮದುವೆಗೆ ನಾಲ್ಕು ದಿನ ಮುಂಚೆ ಹೋಗ್ಲಾ? ಅಣ್ಣ ಅಷ್ಟು ಹೇಳಿ ಹೋಗಿದಾನೆ."

ಮಾವ ಇನ್ನೊಂದು ಉಗುರಿಗೆ ಕೈ ಹಾಕಿದರು.

"ಏನ್ರೀ, ನಾನು ಹೋಗೋದೇ ಬೇಡ ಅಂತೀರಾ?"

ಮಾವ ಏನು ನೆನೆದರೋ, ಅಭ್ಯಾಸದಂತೆ "ಹೂಂ" ಎಂದರು.

ನಾನು ಇಬ್ಬರ ಮಧ್ಯೆ ಗೋಡೆಗೊರಗಿ ಅವರೆಕಾಯಿ ಬಿಡಿಸುತ್ತಿದ್ದೆ. ಎದ್ದು ಮಾವನ ಭುಜ ಮುಟ್ಟಿದ್ದರೆ ಸಾಕಾಗಿತ್ತು. "ಅತ್ತೆ, ಅವರಿಗೆ ಕೇಳಿಸಲಿಲ್ಲ" ಎಂದರೆ ಸಾಕಾಗಿತ್ತು. ನಾನು ಕಾಯಿ ಬಿಡಿಸಿದೆ. ಅತ್ತೆ ಮದುವೆಗೆ ಹೋಗಲಿಲ್ಲ. ಮದುವೆಯ ದಿನ ಸ್ನಾನ ಮಾಡಿ, ರೇಷ್ಮೆ ಸೀರೆಯುಟ್ಟು, ಹಿತ್ತಲಿನಲ್ಲಿ ಪಾತ್ರೆ ತೊಳೆದರು. ಹೆಂಡತಿ ಯಾಕೆ ತವರಿನ ಮದುವೆಗೆ ಹೊರಡಲಿಲ್ಲ ಎಂದು ಮಾವನಿಗೆ ಅಚ್ಚರಿಯಾಗಲೇ ಇಲ್ಲ, ಏಕೆಂದರೆ ಮದುವೆಯ ದಿನವೇ ಅವರಿಗೆ ಗೊತ್ತಿರಲಿಲ್ಲ. ಅಂದಿನಿಂದ ಅತ್ತೆ ಅವರೊಡನೆ ಮಾತು ಬಿಟ್ಟರು. "ಗೌರಿ, ಊಟಕ್ಕಾಯ್ತು ಅಂತ ನಿಮ್ಮ ಮಾವನಿಗೆ ಹೇಳು", "ಗೌರಿ, ಸೌದೆ ಮುಗೀತು ಅಂತ ಹೇಳು." ನಾನು ಹೋಗಿ ಮಾವನ ಎದುರು ನಿಂತು, ತುಟಿ ಕಾಣುವ ಹಾಗೆ ಹೇಳುತ್ತಿದ್ದೆ. ತಮಾಷೆಯೆಂದರೆ ಆ ಮೇಲೆ ಸೌದೆ ತಪ್ಪದೆ ಬಂತು, ಮಲ್ಲಿಗೆಯೂ ಬಂತು. ಅತ್ತೆ ಆ ಹೂವನ್ನು ದೇವರಿಗೆ ಏರಿಸಿ, ತಾವು ಮುಡಿಯಲಿಲ್ಲ.

"ನೋಡ್ದಾ, ನಾನು ಕೇಳಿದ್ರೆ ಇಲ್ಲ. ನೀನು ಕೇಳಿದ್ರೆ ಓಡೋಡಿ ತರ್ತಾರೆ. ಏನು ಮದ್ದು ಹಾಕಿದೀಯೇ ಹುಡುಗಿ?"

ನಗುತ್ತಲೇ ಹೇಳಿದರು. ನಾನು ತಟ್ಟೆಗೆ ಬಗ್ಗಿ ಅನ್ನ ಕಲೆಸಿದೆ.

ಸಂಕ್ರಾಂತಿ ಕಳೆದ ಮೇಲೆ ಹೈಸ್ಕೂಲಿನ ಮೇಷ್ಟ್ರೊಬ್ಬರು ತಮ್ಮ ದಪ್ಪ ಮೋಟಾರ್ ಸೈಕಲ್ ತಂದು ನಿಲ್ಲಿಸಿದರು. ನನ್ನನ್ನು ನೋಡಿ, "ಏನಮ್ಮ, ಇವತ್ತು ಶಾಲೆ ಇಲ್ವಾ? ಯಾವ ಕ್ಲಾಸು?" ಎಂದರು. ನಾನು ಕಂಬದ ಹಿಂದೆ ಸರಿದೆ. ಅವರು ಮಾವನ ಕಡೆ ತಿರುಗಿದರು.

"ಸೇರ್ಸಿಲ್ವೇನ್ರೀ? ಈ ವರ್ಷ ಹೋಯ್ತು ಬಿಡಿ. ಮುಂದಿನ ವರ್ಷವಾದ್ರೂ ಸೇರ್ಸಿ. ವಯಸ್ಸು ದಾಟಿದ್ರೆ ಚಿಕ್ಕ ಮಕ್ಕಳ ಜೊತೆ ಕೂರೋಕೆ ನಾಚ್ಕೊಂಡು ಹೋಗೋದೇ ಇಲ್ಲ."

ಮಾವ "ಹೂಂ" ಎಂದರು. ಮೇಷ್ಟ್ರ ತುಟಿ ಅವರಿಗೆ ಚೆನ್ನಾಗಿ ಕಾಣುತ್ತಿತ್ತು. ಈ ಸಲದ "ಹೂಂ" ಕೇಳಿಸದವನದಲ್ಲ ಎಂದು ನನಗೆ ಗೊತ್ತಾಯಿತು. ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ನಾನು ಹೀಗೆಯೇ ಬಗ್ಗಿ ಕಿವಿಯಿಡುತ್ತಿರುತ್ತೇನೆ ಎಂದು ಅಂದು ಮೊದಲ ಬಾರಿಗೆ ಹೊಳೆಯಿತು. ಸೋರುವುದನ್ನು ಮಾವ ಕಣ್ಣಲ್ಲೇ ಕಾಣುವಂತಾದರೆ ಕಿವಿ ಬೇಕಾಗುವುದಿಲ್ಲ, ನನ್ನನ್ನು ಬಿಡುತ್ತಾರೆ. ಮರುದಿನ ಶುಕ್ರವಾರ. ಗ್ಯಾರೇಜಿನ ಗೋಡೆಯಲ್ಲಿದ್ದ ದೇವರ ಪಟಕ್ಕೆ ಊದುಬತ್ತಿ ಹಚ್ಚುವುದು ನನ್ನ ಪಾಲಿನ ಕೆಲಸ. ಹಚ್ಚಿ ಕೈಮುಗಿದು ನೋಡುತ್ತೇನೆ, ಹೊಗೆಯ ಎಳೆ ನೆಟ್ಟಗೆ ಮೇಲೆ ಹೋಗುತ್ತಿದೆ. ಮಾವ ಪಕ್ಕದಲ್ಲಿ ಪಂಪು ಒತ್ತಿದಾಗಲೆಲ್ಲ, ಅದರ ರಬ್ಬರ್ ಪೈಪಿನ ಸೀಳಿನಿಂದ ಬಂದ ಗಾಳಿಗೆ ಆ ಎಳೆ ಬಾಗುತ್ತಿದೆ.

ಗ್ಯಾರೇಜಿನಲ್ಲಿ ಬೀಡಿ ಸೇದಬಾರದು ಎಂಬುದು ಕಟ್ಟುನಿಟ್ಟು. ಗಾಡಿಯವರು ಯಾರಾದರೂ ಬೆಂಕಿಕಡ್ಡಿ ಗೀರಿದರೆ ಮಾವ ರಟ್ಟೆ ಹಿಡಿದು ಬೀದಿಯ ಆಚೆ ಬಿಟ್ಟು ಬರುತ್ತಿದ್ದರು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಊದುಬತ್ತಿ ಪ್ರತಿ ಶುಕ್ರವಾರ ಅದೇ ಗ್ಯಾರೇಜಿನಲ್ಲಿ ಉರಿಯುತ್ತಿತ್ತು, ಮಾವನೇ ಕೈಮುಗಿಯುತ್ತಿದ್ದರು. ಬೀಡಿ ಬೆಂಕಿ, ಊದುಬತ್ತಿ ಪೂಜೆ. ನನ್ನ ತಲೆಯಲ್ಲಿ ಅವೆರಡೂ ಒಂದೇ ಜಾತಿ ಎಂದು ಯಾವತ್ತೂ ಬಂದಿರಲಿಲ್ಲ. ಇಷ್ಟು ವಯಸ್ಸಾದ ಮೇಲೂ ಯೋಚಿಸಿದರೆ ಅದು ಹೇಗೆ ಹೊಳೆಯಲಿಲ್ಲ ಎಂದು ತಿಳಿಯುವುದಿಲ್ಲ. ಪಟದ ಮುಂದಿನಿಂದ ಬತ್ತಿಯನ್ನು ಕಿತ್ತುಕೊಂಡೆ. ಮಾವ ಬೀದಿಗೆ ಮುಖ ಮಾಡಿ ಮೇಷ್ಟ್ರ ಗಾಡಿಗೆ ಗಾಳಿ ಹೊಡೆಯುತ್ತಿದ್ದರು. ಮೊದಲು ಸೈಲೆನ್ಸರಿನ ಹತ್ತಿರ ಹಿಡಿದೆ. ಹೊಗೆ ಅಲುಗಲಿಲ್ಲ. ಆಮೇಲೆ ಕಾರ್ಬ್ಯುರೇಟರ್ ಬಿಚ್ಚಿದ ಬಾಯಿಗೆ ತಂದೆ. ಎಳೆ ಥಟ್ಟನೆ ಮುರಿದು ಆಚೆಗೆ ಚಿಮ್ಮಿತು. ಪಂಪು ನಿಂತಾಗ ನೆಟ್ಟಗಾಯಿತು, ಒತ್ತಿದಾಗ ಮತ್ತೆ ಮುರಿಯಿತು. ಒಳವಾಲ್ವು! ಕಿವಿಯಿಡದೆ, ಬರಿಗಣ್ಣಿಗೆ! ಅಂಥ ಸಂತೋಷ ನನಗೆ ಆಮೇಲೆ ಹೆಚ್ಚು ಸಲ ಆಗಿಲ್ಲ. ಬತ್ತಿಯ ಕೆಂಡ ಉದುರಿದ್ದು ಆಗಲೇ. ಕೆಳಗೆ, ಬಿಚ್ಚಿದ ಸಾಮಾನು ತೊಳೆಯಲು ಪೆಟ್ರೋಲ್ ಹಾಕಿಟ್ಟಿದ್ದ ತಗಡಿನ ತಟ್ಟೆಯಿತ್ತು.

ಬೆಂಕಿ ಭಗ್ಗೆಂದು ನನ್ನ ಎತ್ತರಕ್ಕೆ ಎದ್ದಿತು. ಅತ್ತೆ ಅದೇ ಹೊತ್ತಿಗೆ ಊಟಕ್ಕೆ ಕರೆಯಲು ನನ್ನನ್ನು ಹುಡುಕಿಕೊಂಡು ಹೊಸ್ತಿಲಿಗೆ ಬಂದಿದ್ದರು. ಆ ಮದುವೆಯ ದಿನದಿಂದ ಗಂಡನೊಡನೆ ಮಾತಾಡದ ಹೆಂಗಸು ಕೂಗಿದರು.

"ರೀ! ಬೆಂಕಿ! ರೀ, ಹಿಂದೆ ನೋಡ್ರೀ! ಬೆಂಕಿ!"

ಮಾವ ಎರಡು ಹೆಜ್ಜೆ ದೂರದಲ್ಲಿ ಬೆನ್ನು ಹಾಕಿ ನಿಂತು ಪಂಪು ಒತ್ತುತ್ತಲೇ ಇದ್ದರು. ಒಂದು, ಎರಡು, ಮೂರು. ಅತ್ತೆಯ ಕೂಗಿಗೆ ಬೀದಿಯಲ್ಲಿ ಹೋಗುವವರು ನಿಂತರು. ನಾನು ಜಡೆಯನ್ನು ಮುಟ್ಟಿಕೊಂಡು ನಿಂತಿದ್ದೆ. ಅದು ತಪ್ಪು ಸನ್ನೆ ಎಂದೂ ಗೊತ್ತಿತ್ತು. ಅತ್ತೆ ಹೊಸ್ತಿಲು ದಾಟಿದರು. ರಂಗೋಲಿ ತುಳಿದು, ಒದ್ದೆ ಗೋಣಿಚೀಲ ಎಳೆದುಕೊಂಡು ಓಡಿ ಬಂದರು. ಅಷ್ಟರಲ್ಲಿ ಬಿಸಿ ಬೆನ್ನಿಗೆ ತಗಲಿ ಮಾವ ತಿರುಗಿದರು. ತಟ್ಟೆಯ ಪಕ್ಕ ನಿಂತಿದ್ದ ನನ್ನನ್ನು ಎಡಗೈಯಿಂದ ಆಚೆ ತಳ್ಳಿದರು. ಆ ತೋಳಿನ ಅಂಗಿ ಹೊತ್ತಿಕೊಂಡಿತು. ಅತ್ತೆ ಗೋಣಿಯನ್ನು ತಟ್ಟೆಯ ಮೇಲೆ ಕವುಚಿ, ತಮ್ಮ ಸೆರಗನ್ನು ಮಾವನ ತೋಳಿಗೆ ಸುತ್ತಿ ಒತ್ತಿ ಹಿಡಿದರು. ಎದುರಿನ ಸೈಕಲ್ ಶಾಪಿನವನು ಪಂಚರ್ ನೋಡುವ ನೀರಿನ ತೊಟ್ಟಿಯನ್ನೇ ಹೊತ್ತುಕೊಂಡು ಬಂದು ಕೈಮೇಲೆ ಸುರಿದ.

ಎಲ್ಲ ಆರಿದ ಮೇಲೆ ಅತ್ತೆ ಮಾವನ ಎದುರು ನಿಂತರು. ಸುಟ್ಟ ಕೈಯನ್ನು ಹಿಡಿದೇ ಇದ್ದರು. ದನಿ ಎತ್ತಲಿಲ್ಲ.

"ಎಷ್ಟು ದಿನದಿಂದ ಕೇಳಿಸ್ತಿಲ್ಲ ನಿಮಗೆ?"

ಮಾವ ಅವರ ತುಟಿಯನ್ನು ನೋಡಿದರು. ಈ ಸಲ "ಹೂಂ" ಎನ್ನಲಿಲ್ಲ.

"ಎರಡು ವರ್ಷ ಆಗಿರ್ಬೇಕು ಕಮಲ."

"ಮದುವೆಗೆ ಹೋಗ್ಲಾ ಅಂತ ಕೇಳಿದ್ನಲ್ಲ. ಅವತ್ತು?"

"ಯಾವ ಮದುವೆ?"

ಅತ್ತೆ ತೋಳಿಗೆ ಸುತ್ತಿದ್ದ ಸೆರಗನ್ನು ಬಿಡಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ನಿಂಗೊತ್ತಿತ್ತಾ?"

ನಾನು ಹೌದೆಂದು ತಲೆಯಾಡಿಸಿದೆ. ಹೊಡೆಯುತ್ತಾರೆ ಎಂದು ಕಾದೆ. ಹೊಡೆಯಲಿಲ್ಲ. ಊದುಬತ್ತಿ ಯಾಕೆ ಹಿಡಿದೆ ಎಂದು ಕೇಳಲೂ ಇಲ್ಲ. ಹೊಡೆದಿದ್ದರೆ, ಕೇಳಿದ್ದರೆ ಒಳ್ಳೆಯದಿತ್ತು ಎಂದು ಈಗಲೂ ಅನ್ನಿಸುತ್ತದೆ.

ಮಾವನ ಕೈಗೆ ಆಸ್ಪತ್ರೆಯಲ್ಲಿ ಬಟ್ಟೆ ಕಟ್ಟಿದರು. ಗ್ಯಾರೇಜಿನ ಹಲಗೆ ಬಾಗಿಲು ಎರಡು ವಾರ ತೆರೆಯಲಿಲ್ಲ. ಅತ್ತೆ ಅವರಿಗೆ ಕೈತುತ್ತು ಕೊಡುತ್ತಿದ್ದರು. ಪ್ರತಿ ತುತ್ತಿಗೂ ಎದುರು ಕೂತು, ಮುಖ ನೋಡಿ, ನಿಧಾನವಾಗಿ ಮಾತಾಡುತ್ತಿದ್ದರು. ಎರಡು ವರ್ಷದ ಮಾತು ಬಾಕಿಯಿತ್ತು. ನನ್ನ ಕೈಯಲ್ಲಿ ಊದುಬತ್ತಿ ಯಾಕಿತ್ತು ಎಂಬುದನ್ನೂ ಮಾವನೇ ಊಹಿಸಿ ಹೇಳಿರಬೇಕು. ನಾನು ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದೆ. ಮತ್ತೆ ಗ್ಯಾರೇಜು ತೆರೆದ ದಿನ ಅತ್ತೆ ಒಂದು ಬೋಗುಣಿ ತುಂಬ ಅಂಟುವಾಳದ ನೊರೆ ಕಡೆದುಕೊಂಡು ಹೊಸ್ತಿಲು ದಾಟಿ ಆಚೆ ಹೋದರು. ಮೇಷ್ಟ್ರ ಗಾಡಿಗೆ ಮಾವ ಒಂದೇ ಕೈಯಲ್ಲಿ ಗಾಳಿ ಹೊಡೆದರು. ಅತ್ತೆ ಇಂಜಿನ್ನಿನ ಬಾಯಿಗೆ ನೊರೆ ಮೆತ್ತಿದರು. ನೊರೆ ಉಬ್ಬಿ ಉಬ್ಬಿ ಗುಳ್ಳೆಯಾಗಿ ಒಡೆಯಿತು.

"ಎದುರುಗಡೆ ಸೈಕಲ್ ಶಾಪಿನವನು ಬೆಳಗಾದ್ರೆ ನೀರಲ್ಲಿ ಗುಳ್ಳೆ ನೋಡ್ತಾನೆ. ಮಾವನಿಗೂ ಹೊಳೀಲಿಲ್ಲ, ಸೊಸೆಗೂ ಹೊಳೀಲಿಲ್ಲ. ಊದುಬತ್ತಿ ಬೇಕಾಯ್ತು ಇವರಿಗೆ."

ಬೀದಿಯಲ್ಲಿ ಸುದ್ದಿ ಹರಡಿತು. ಕಿವುಡು ಮೇಸ್ತ್ರಿ ಗ್ಯಾರೇಜು ಎಂದೇ ಹೆಸರಾಯಿತು. ಗಾಡಿಗಳು ಬರುವುದು ಮಾತ್ರ ನಿಲ್ಲಲಿಲ್ಲ. ನಾವು ಅಷ್ಟು ಕಾಪಾಡಿದ ಗುಟ್ಟು ಯಾರಿಗೂ ಬೇಕಿರಲಿಲ್ಲ.

ಶಿವರಾತ್ರಿಗೆ ಮುಂಚೆ ನನ್ನನ್ನು ಊರಿಗೆ ಕಳಿಸುವುದು ಎಂದು ಅತ್ತೆ ತೀರ್ಮಾನ ಮಾಡಿದರು. "ಇಲ್ಲಿದ್ರೆ ಇವಳು ನಿಮ್ಮ ಕಿವಿಯಾಗೇ ಉಳೀತಾಳೆ. ನಡೆದಾದ್ರೂ ಹೋಗಿ ಓದ್ಲಿ" ಎಂದು ಮಾವನಿಗೆ ಹೇಳಿದ್ದನ್ನು ನಾನು ಕೇಳಿದೆ. ಅದು ನಿಜ. ತಮಗೆ ತಿಳಿಯದ್ದು ಈ ಹುಡುಗಿಗೆ ತಿಳಿದಿತ್ತು ಎಂಬುದನ್ನು ದಿನವೂ ಕಣ್ಣೆದುರು ಇಟ್ಟುಕೊಳ್ಳಲು ಅವರಿಂದ ಆಗಲಿಲ್ಲ, ಅದೂ ನಿಜ. ಬಿಡುಗಡೆಯೋ ಶಿಕ್ಷೆಯೋ ಎಂದು ನಾನು ಇನ್ನೂ ಅಳೆಯುತ್ತಲೇ ಇದ್ದೇನೆ. ಊರಿಗೆ ಹೋಗಿ, ದಿನವೂ ಆ ದೂರದ ಊರಿಗೆ ನಡೆದು ಏಳನೇ ಕ್ಲಾಸಿನವರೆಗೆ ಓದಿದೆ. ಈ ಅಕ್ಷರಗಳು ಅಲ್ಲಿಯವು. ಹೊರಡುವ ದಿನ ಅತ್ತೆ ನನಗೆ ಎಣ್ಣೆ ಹಚ್ಚಿ ಜಡೆ ಹೆಣೆದು, ಅದರ ತುದಿಯನ್ನು ಒಂದು ಕ್ಷಣ ಕೈಯಲ್ಲಿ ಹಿಡಿದು ಬಿಟ್ಟರು. ಮಾವ ಕಲಾಸಿಪಾಳ್ಯದಲ್ಲಿ ಬಸ್ಸು ಹತ್ತಿಸಿದರು. ಕಿಟಕಿಯ ಕೆಳಗೆ ನಿಂತು, ಬಟ್ಟೆ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು, ತಮ್ಮ ದನಿ ತಮಗೇ ಕೇಳದವರಾದ್ದರಿಂದ ಇಡೀ ಬಸ್ಸಿಗೆ ಕೇಳುವಂತೆ "ಚೆನ್ನಾಗಿ ಓದು ಪುಟ್ಟಿ" ಎಂದರು. ಬಸ್ಸು ಹೊರಟಿತು. ಆ ಸದ್ದಿನಲ್ಲಿ ನಾನು, ನನ್ನ ಜನ್ಮದಲ್ಲೇ ಅಷ್ಟು ಗಟ್ಟಿಯಾಗಿ ಕೂಗದವಳು, "ತಪ್ಪಾಯ್ತು ಮಾವ" ಎಂದು ಕೂಗಿದೆ. ಅವರು ಆಗಲೇ ಡ್ರೈವರಿಗೆ ಏನೋ ಹೇಳಲು ಮುಖ ತಿರುಗಿಸಿದ್ದರು. ತಿರುಗಿಸಿದ ಮುಖದಲ್ಲೇ "ಹೂಂ" ಎಂದು ತಲೆದೂಗಿದ್ದು ಕಂಡಿತು. ಆಮೇಲೆ ಮದುವೆಯಾಗಿ ನಾನು ಬಸವನಗುಡಿಗೆ ಬರುವ ಹೊತ್ತಿಗೆ ಅವರಿರಲಿಲ್ಲ. ಅದು ಯಾವ "ಹೂಂ" ಎಂದು ಕೇಳಲು ಯಾರೂ ಉಳಿದಿಲ್ಲ.

ಈಗ ನಿಮ್ಮ ಗಾಡಿಯ ವಿಷಯ. ಮೊನ್ನೆ ನಾನು ಮೂರು ಕಡೆ ಕಿವಿಯಿಟ್ಟೆ. ಮೂರು ಕಡೆಯೂ ನನಗೆ ಏನೂ ಕೇಳಿಸಲಿಲ್ಲ. ನಿಮ್ಮ ತಾತ ಹೋದ ಮೇಲೆ ಮನೆ ಸದ್ದಿಲ್ಲದಂತಾಯಿತು ಎಂದುಕೊಂಡಿದ್ದೆ. ಹಾಲಿನವನು ಬೆಲ್ ಮಾಡುವುದನ್ನು ಬಿಟ್ಟಿದ್ದಾನೆ, ಕುಕ್ಕರ್ ಮೊದಲಿನಷ್ಟು ಕೂಗುವುದಿಲ್ಲ ಎಂದುಕೊಂಡಿದ್ದೆ. ಇಂಜಿನ್ನಿಗೆ ಕಿವಿಯಿಟ್ಟ ಆ ಗಳಿಗೆಯಲ್ಲಿ ನನಗೆ ತಿಳಿಯಿತು. ನೀವಿಬ್ಬರೂ ಅಷ್ಟು ಆಸೆಯಿಂದ ನನ್ನ ಮುಖ ನೋಡುತ್ತಿದ್ದಿರಿ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಮಾವ ಯಾಕೆ ಎರಡು ವರ್ಷ ಸುಮ್ಮನಿದ್ದರು ಎಂದು ಆಗ ಅರ್ಥವಾಯಿತು. ಆದ್ದರಿಂದ ಪವನ್, ಭಾನುವಾರ ಹೆಡ್ ಬಿಚ್ಚಬೇಡ. ನನ್ನ ಮಾತಿನ ಮೇಲೆ ಏನನ್ನೂ ಬಿಚ್ಚಬೇಡ. ಮೊದಲು ವಾಲ್ವಿನ ಸಂದು ಅಳೆದು ನೋಡು. ಧೂಳಿನಲ್ಲಿ ಓಡಿದ ಇಂಜಿನ್ನಿನಲ್ಲಿ ಒಳವಾಲ್ವೇ ಮೊದಲು ಸವೆದು, ಸಂದು ಬಿಗಿಯಾಗಿ, ಪೂರ್ತಿ ಮುಚ್ಚಿಕೊಳ್ಳುವುದಿಲ್ಲ ಎಂದು ಮಾವ ಹೇಳುತ್ತಿದ್ದರು. ಆಮೇಲೆ ಗಾಳಿ ತುಂಬಿ, ಮೂರು ಕಡೆಯೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೀವೇ ನೋಡಿ. ಬೆಂಕಿ, ದೇವರದ್ದೇ ಆದರೂ, ಹತ್ತಿರ ತರಬೇಡಿ.

ಇನ್ನೊಂದು ಮಾತು. ಸಿರಿ, ನೀನು ರೂಮಿನಿಂದಲೇ "ಅಜ್ಜೀ" ಎಂದು ಕೂಗಿ ಏನೇನೋ ಹೇಳುತ್ತೀಯಂತೆ, ನಾನು "ಹೂಂ" ಎನ್ನುತ್ತೇನಂತೆ. ನಿಮ್ಮಮ್ಮ ಹೇಳಿದಳು. ಇನ್ನು ಮೇಲೆ ಆ "ಹೂಂ" ಅನ್ನು ನಂಬಬೇಡ. ಎದ್ದು ಬಾ, ನನ್ನೆದುರು ನಿಲ್ಲು, ಇನ್ನೊಂದು ಸಲ ಕೇಳು.